ಮೂರು ನದಿಗಳ ನಡುವಿನ ನಾಡು ಸಾರಣ್

ಬಿಹಾರದ ಭೂಪಟವನ್ನು ಬಿಡಿಸಿ, ಪಾಟ್ನಾ ನಗರದ ಮೇಲೆ ಬೆರಳಿಟ್ಟು, ಗಂಗೆಯನ್ನು ದಾಟಿಸಿ ವಾಯವ್ಯದ ಕಡೆಗೆ ಸರಿಸಿದರೆ ತ್ರಿಕೋನದಂತಹ ಒಂದು ಜಿಲ್ಲೆ ಸಿಗುತ್ತದೆ. ಅದೇ ಸಾರಣ್. ದಕ್ಷಿಣಕ್ಕೆ ಗಂಗೆ, ನೈಋತ್ಯಕ್ಕೆ ಘಾಘ್ರಾ, ಪೂರ್ವಕ್ಕೆ ಗಂಡಕಿ. ಉತ್ತರದಲ್ಲಿ ಸಿವಾನ್ ಮತ್ತು ಗೋಪಾಲ್‌ಗಂಜ್ ಜಿಲ್ಲೆಗಳು. ಆ ಒಂದು ದಿಕ್ಕು ಬಿಟ್ಟರೆ ಉಳಿದೆಡೆಯೆಲ್ಲ ಈ ಜಿಲ್ಲೆಯ ಗಡಿಯನ್ನು ನದಿಗಳೇ ಬರೆದಿವೆ. ಗಂಗೆಯೂ ಗಂಡಕಿಯೂ ಕೂಡುವ ಸೋನ್‌ಪುರ ಈ ತ್ರಿಕೋನದ ಚೂಪು ತುದಿ. ಜಿಲ್ಲೆಯ ಕೇಂದ್ರವಾದ ಛಪ್ರಾ ಪಟ್ಟಣ ಘಾಘ್ರಾ ನದಿಯು ಗಂಗೆಯನ್ನು ಸೇರುವ ಜಾಗಕ್ಕೆ ಹತ್ತಿರದಲ್ಲಿದೆ.

ಇಂದಿನ ಜಿಲ್ಲೆಯ ವಿಸ್ತೀರ್ಣ 2,641 ಚದರ ಕಿಲೋಮೀಟರ್. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಮೂವತ್ತೊಂಬತ್ತೂವರೆ ಲಕ್ಷ. ಅಂದರೆ ಒಂದು ಚದರ ಕಿಲೋಮೀಟರಿಗೆ ಸುಮಾರು 1,500 ಮಂದಿ. ಹಿಂದೆ ಸಾರಣ್ ಇದಕ್ಕಿಂತ ಬಹಳ ದೊಡ್ಡದಾಗಿತ್ತು. ಬ್ರಿಟಿಷರ ಕಾಲದಲ್ಲಿ ಚಂಪಾರಣ್ಯವೂ ಇದರೊಡನೆ ಸೇರಿತ್ತು. 1866ರಲ್ಲಿ ಅದು ಬೇರೆಯಾಯಿತು. ಸ್ವಾತಂತ್ರ್ಯಾನಂತರ 1972ರಲ್ಲಿ ಸಿವಾನ್, 1973ರಲ್ಲಿ ಗೋಪಾಲ್‌ಗಂಜ್ ಪ್ರತ್ಯೇಕ ಜಿಲ್ಲೆಗಳಾದವು. ದೇಶದ ಮೊದಲ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಹುಟ್ಟಿದ ಜೀರಾದೇಯಿ ಆಗ ಸಾರಣ್ ಜಿಲ್ಲೆಯ ಹಳ್ಳಿ; ಈಗ ಸಿವಾನ್‌ಗೆ ಸೇರಿದೆ.

ಇಷ್ಟು ಸ್ಪಷ್ಟವಾದ ನದಿಗಡಿ ಇರುವ ನಾಡು ತನ್ನ ಪಾಡಿಗೆ ತಾನು ಪ್ರತ್ಯೇಕವಾಗಿ ಬೆಳೆದಿರಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಸಾರಣ್‌ನ ಆದಿಚರಿತ್ರೆ ಹೇಳುವುದು ಬೇರೆಯೇ. ರಾಜರೂ ಗ್ರಂಥಕರ್ತರೂ ಈ ನದಿಗಳನ್ನು ಗಡಿ ಎಂದು ಕರೆಯುವುದಕ್ಕೆ ಬಹಳ ಮೊದಲೇ ಇಲ್ಲಿನ ಜನ ಅವುಗಳನ್ನು ದಾರಿಯಾಗಿ ಬಳಸುತ್ತಿದ್ದರು. ಅದಕ್ಕೆ ಸಾಕ್ಷಿ ಛಪ್ರಾಕ್ಕೆ ಸಮೀಪದಲ್ಲೇ, ಗಂಗೆಯ ಉತ್ತರ ದಂಡೆಯ ಮೇಲಿರುವ ಒಂದು ಮಣ್ಣಿನ ದಿಬ್ಬದಲ್ಲಿ ಇದೆ.

ಕಲ್ಲಿಲ್ಲದ ನೆಲ

ಮೊದಲು ಈ ನೆಲ ಹೇಗಿದೆ ಎಂಬುದನ್ನು ನೋಡೋಣ. ಇಡೀ ಜಿಲ್ಲೆ ಹಿಮಾಲಯದ ನದಿಗಳು ತಂದು ಸುರಿದ ಮೆಕ್ಕಲು ಮಣ್ಣಿನ ಬಯಲು. ಬೆಟ್ಟವಿಲ್ಲ, ಬಂಡೆಯಿಲ್ಲ. ಬಾವಿ ತೋಡಿದರೆ ಮಣ್ಣಿನ ಕೆಳಗೆ ಮರಳು, ಮರಳಿನ ಕೆಳಗೆ ಮತ್ತೆ ಮಣ್ಣು. ದಖ್ಖನ್ನಿನ ಕಡೆಯವರಿಗೆ ಊರ ಹಿಂದೆ ಒಂದು ಗುಡ್ಡ, ಹೊಲದ ಬದಿಯಲ್ಲಿ ಒಂದು ಬಂಡೆ ಇಲ್ಲದ ನಾಡನ್ನು ಕಲ್ಪಿಸಿಕೊಳ್ಳುವುದೇ ಕಷ್ಟ. ಸಾರಣ್‌ನಲ್ಲಿ ಮಸಾಲೆ ಅರೆಯುವ ಕಲ್ಲೂ ಹೊರಗಿನಿಂದಲೇ ಬರಬೇಕು.

ನೋಡುವುದಕ್ಕೆ ಸಪಾಟಾಗಿ ಕಂಡರೂ ಈ ಬಯಲಿನಲ್ಲಿ ಏರುತಗ್ಗುಗಳಿವೆ. ಪ್ರವಾಹ ಬಂದಾಗಲೆಲ್ಲ ನದಿ ತನ್ನ ದಂಡೆಯ ಮೇಲೆಯೇ ಹೆಚ್ಚು ಹೂಳನ್ನು ಬಿಡುತ್ತದೆ. ಹೀಗಾಗಿ ದಂಡೆ ಎತ್ತರವಾಗುತ್ತ, ಒಳನಾಡು ತಗ್ಗಾಗಿ ಉಳಿಯುತ್ತದೆ. ಮಳೆಗಾಲದ ನೀರು ಹೊರಹೋಗಲು ದಾರಿ ಕಾಣದೆ ತಿಂಗಳುಗಟ್ಟಲೆ ನಿಲ್ಲುವ ಇಂತಹ ತಗ್ಗುಗಳಿಗೆ ಅಲ್ಲಿನವರು ‘ಚೌರ್’ ಎನ್ನುತ್ತಾರೆ. ನದಿಯ ಪಾತ್ರದ ನಡುವೆ ಎದ್ದು, ಕೆಲವು ವರ್ಷ ಇದ್ದು, ಮತ್ತೆ ಕೊಚ್ಚಿಹೋಗಬಹುದಾದ ಮೆಕ್ಕಲು ನೆಲಕ್ಕೆ ‘ದಿಯಾರಾ’ ಎಂದು ಹೆಸರು. ದಿಯಾರಾದ ಮಣ್ಣು ಬಲು ಫಲವತ್ತು, ಆದರೆ ನಂಬಿಕೆಗೆ ಅರ್ಹವಲ್ಲ. ಜನ ನೆಲೆಯೂರುವುದಕ್ಕೆ ಹುಡುಕಿದ್ದು ಇವೆರಡರ ನಡುವಿನ ಜಾಗವನ್ನು: ನೀರಿಗೆ ಹತ್ತಿರವಿದ್ದೂ ನೀರಿಗೆ ಸಿಗದ ಎತ್ತರದ ದಂಡೆಯನ್ನು.

ನದಿಗಳೂ ನಿಂತಲ್ಲಿ ನಿಂತವಲ್ಲ. ನೇಪಾಳದಲ್ಲಿ ನಾರಾಯಣಿ ಎನಿಸಿಕೊಳ್ಳುವ, ಸಾಲಿಗ್ರಾಮ ಶಿಲೆಗಳಿಗಾಗಿ ನಮ್ಮಲ್ಲೂ ಪರಿಚಿತಳಾದ ಗಂಡಕಿ, ಬೆಟ್ಟ ಇಳಿದು ಬಯಲಿಗೆ ಬಂದೊಡನೆ ಬೀಸಣಿಗೆಯಂತೆ ಹರಡಿಕೊಂಡು ಹೂಳು ಸುರಿಯುವ ನದಿ. ಕಳೆದ ಸುಮಾರು 5,000 ವರ್ಷಗಳಲ್ಲಿ ಅದು ಪೂರ್ವದ ಕಡೆಗೆ ಎಂಬತ್ತು ಕಿಲೋಮೀಟರಿನಷ್ಟು ಸರಿದಿದೆ ಎಂದು ಭೂವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಹಳೆಯ ಸಾರಣ್‌ನ ಒಳಗೆ ಹರಿಯುವ ದಾಹಾ, ಝರಹಿಯಂತಹ ಸಣ್ಣ ನದಿಗಳು ಆ ದೊಡ್ಡ ನದಿ ಓಡಾಡಿದ ಬಯಲಿನಲ್ಲೇ ಇವೆ. ಅತ್ತ ಘಾಘ್ರಾ ಮತ್ತು ಗಂಗೆಯ ಸಂಗಮವೂ ಪೂರ್ವಕ್ಕೆ ಸರಿದಿದೆ. 1788ರಲ್ಲಿ ರೆವೆಲ್ ಎಂಬ ಸುಂಕದ ಅಧಿಕಾರಿ ಸಂಗಮದ ಬಳಿ ಸ್ಥಾಪಿಸಿದ ರೆವೆಲ್‌ಗಂಜ್ ಪೇಟೆ ಒಂದು ಕಾಲಕ್ಕೆ ದೋಣಿ ವ್ಯಾಪಾರದ ದೊಡ್ಡ ಕೇಂದ್ರವಾಗಿತ್ತು. ಸಂಗಮ ದೂರವಾಗಿ, ರೈಲೂ ಬಂದ ಮೇಲೆ ಅದರ ವೈಭವ ಕುಗ್ಗಿತು.

ಚಿರಾಂದ್ ಹೇಳಿದ ಕಥೆ

ಛಪ್ರಾದಿಂದ ಆಗ್ನೇಯಕ್ಕೆ ಸುಮಾರು 11 ಕಿಲೋಮೀಟರ್ ದೂರದಲ್ಲಿ, ಡೋರಿಗಂಜ್ ಹತ್ತಿರ, ಗಂಗೆಯ ದಂಡೆಯ ಮೇಲೆ ಚಿರಾಂದ್ ಎಂಬ ಹಳ್ಳಿಯಿದೆ. ಅಲ್ಲಿನ ದಿಬ್ಬದ ಬಗ್ಗೆ ಜನರಲ್ಲಿ ಒಂದು ಐತಿಹ್ಯ ಮೊದಲಿನಿಂದಲೂ ಇತ್ತು. ಅದು ಮಯೂರಧ್ವಜ ರಾಜನ ರಾಜಧಾನಿಯಂತೆ. ಬ್ರಾಹ್ಮಣ ವೇಷದಲ್ಲಿ ಬಂದ ಕೃಷ್ಣನ ಮಾತಿಗೆ ಕಟ್ಟುಬಿದ್ದು ರಾಜದಂಪತಿ ಮಗನನ್ನೇ ಗರಗಸದಿಂದ ಸೀಳಲು ಮುಂದಾದರಂತೆ. ಹಿಂದಿಯಲ್ಲಿ ‘ಚೀರ್‌ನಾ’ ಎಂದರೆ ಸೀಳುವುದು; ಅದರಿಂದ ಊರಿಗೆ ಈ ಹೆಸರು ಎಂಬುದು ಅವರ ವಿವರಣೆ. ಲಕ್ಷ್ಮೀಶನ ‘ಜೈಮಿನಿ ಭಾರತ’ವನ್ನು ಓದಿದ, ಗಮಕದಲ್ಲಿ ಕೇಳಿದ ಕನ್ನಡಿಗರಿಗೆ ಈ ಮಯೂರಧ್ವಜ ಹೊಸಬನೇನಲ್ಲ. ಅಲ್ಲಿ ಗರಗಸಕ್ಕೆ ಮೈಯೊಡ್ಡುವವನು ರಾಜನೇ. ಸೀಳುವವರು ಮಡದಿ ಮತ್ತು ಮಗ. ಒಂದೇ ಕಥೆ ಗಂಗೆಯ ದಂಡೆಯಲ್ಲಿ ಸ್ಥಳಪುರಾಣವಾಗಿ, ನಮ್ಮಲ್ಲಿ ಕಾವ್ಯವಾಗಿ ಉಳಿದಿದೆ.

ದಿಬ್ಬ ವಿದ್ವಾಂಸರ ಗಮನವನ್ನೂ ಸೆಳೆದಿತ್ತು. ಬುದ್ಧನ ಕಾಲದ ವೈಶಾಲಿ ನಗರ ಇದೇ ಇರಬೇಕೆಂದು ಬ್ರಿಟಿಷ್ ಅಧಿಕಾರಿ ಡಬ್ಲ್ಯು. ಹೊಯೆ 1900ರಲ್ಲಿ ವಾದಿಸಿದರು. ಇತಿಹಾಸಕಾರ ವಿನ್ಸೆಂಟ್ ಸ್ಮಿತ್ ಅದನ್ನು ಒಪ್ಪಲಿಲ್ಲ. 1903-04ರಲ್ಲಿ ಗಂಡಕಿಯ ಆಚೆಯ ಬಸಾಢ್‌ನಲ್ಲಿ ಟಿ. ಬ್ಲಾಕ್ ನಡೆಸಿದ ಉತ್ಖನನದಲ್ಲಿ ವೈಶಾಲಿಯ ಹೆಸರುಳ್ಳ ಮುದ್ರೆಗಳು ಸಿಕ್ಕಿದ್ದರಿಂದ ಆ ಚರ್ಚೆ ಮುಗಿಯಿತು. ಚಿರಾಂದ್ ವೈಶಾಲಿಯಲ್ಲ ಎಂದಾಯಿತು. ಆದರೆ ಅದು ವೈಶಾಲಿಗಿಂತಲೂ ಬಹಳ ಹಳೆಯದು ಎಂದು ತಿಳಿಯಲು ಇನ್ನೂ ಆರು ದಶಕಗಳು ಬೇಕಾದವು.

1960ರ ದಶಕದ ಆರಂಭದಿಂದ 70ರ ದಶಕದ ಆರಂಭದವರೆಗೆ ಬಿಹಾರ ಸರ್ಕಾರದ ಪ್ರಾಚ್ಯವಸ್ತು ಇಲಾಖೆ ಇಲ್ಲಿ ಹಲವು ಋತುಗಳಲ್ಲಿ ಅಗೆತ ನಡೆಸಿತು. ಇದರಲ್ಲಿ ಬಿ.ಎಸ್. ವರ್ಮಾ ಅವರ ಪಾತ್ರ ಮುಖ್ಯವಾದುದು. ಒಂದರ ಮೇಲೊಂದು ಐದು ಕಾಲಘಟ್ಟಗಳ ಪದರಗಳು ತೆರೆದುಕೊಂಡವು. ಮೇಲೆ ಪಾಲರ ಕಾಲದ ಅವಶೇಷ, ಅದರ ಕೆಳಗೆ ಕುಷಾಣರ ಕಾಲದ ಇಟ್ಟಿಗೆ ಕಟ್ಟಡ ಮತ್ತು ನಾಣ್ಯಗಳು, ಅದಕ್ಕೂ ಕೆಳಗೆ ಮಗಧದ ಏಳಿಗೆಯ ಕಾಲದ ಹೊಳಪಿನ ಕರಿ ಮಡಕೆ, ನಂತರ ತಾಮ್ರ ಬಳಕೆಯ ಕಾಲ. ಎಲ್ಲಕ್ಕಿಂತ ತಳದಲ್ಲಿ, ಸುಮಾರು ಮೂರೂವರೆ ಮೀಟರ್ ದಪ್ಪದ ನವಶಿಲಾಯುಗದ ಪದರ. ಇಂಗಾಲ ಪರೀಕ್ಷೆಗಳು ಇದರ ಕಾಲವನ್ನು ಕ್ರಿ.ಪೂ. 2000ಕ್ಕೂ ಹಿಂದಕ್ಕೆ ಒಯ್ದವು. ಇದರ ಆರಂಭ ಕ್ರಿ.ಪೂ. 2500ರ ಸುಮಾರಿಗೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಭಿಪ್ರಾಯ.

ಈ ಪದರದಲ್ಲಿ ಸಿಕ್ಕಿದ್ದನ್ನು ನೋಡಿ ಪುರಾತತ್ವಜ್ಞರು ಬೆರಗಾದರು. ನವಶಿಲಾಯುಗವೆಂದರೆ ಉಜ್ಜಿ ನಯಮಾಡಿದ ಕಲ್ಲಿನ ಕೊಡಲಿಗಳ ಕಾಲ. ಇಲ್ಲಾದರೋ ಕಲ್ಲಿನ ಆಯುಧಗಳು ಬಹಳ ಕಡಿಮೆ. ಮೂಳೆ ಮತ್ತು ಜಿಂಕೆಯ ಕೊಂಬಿನಿಂದ ಮಾಡಿದ ಉಪಕರಣಗಳ ರಾಶಿಯೇ ಇತ್ತು. ಸೂಜಿ, ದಬ್ಬಳ, ಬಾಣದ ಮೊನೆ, ಹೆರೆಯುವ ಸಾಧನ, ಸುತ್ತಿಗೆ, ಬಳೆ, ಪದಕ, ಎಲ್ಲವೂ ಮೂಳೆ ಕೊಂಬುಗಳವು. ಭಾರತದಲ್ಲಿ ಇಷ್ಟು ಪ್ರಮಾಣದಲ್ಲಿ ಮೂಳೆಯ ಉಪಕರಣ ದೊರೆತ ನವಶಿಲಾಯುಗದ ಇನ್ನೊಂದು ಪ್ರಸಿದ್ಧ ನೆಲೆಯೆಂದರೆ ಕಾಶ್ಮೀರದ ಬುರ್ಜಹೋಮ್. ಕಲ್ಲು ಸಿಗದ ನೆಲದಲ್ಲಿ ಜನ ಕೈಗೆ ಸಿಕ್ಕಿದ್ದರಲ್ಲೇ ತಮ್ಮ ಕೆಲಸ ಸಾಗಿಸಿದ್ದರು. ‘ಸಾರಣ್’ ಎಂಬ ಹೆಸರು ‘ಸಾರಂಗ ಅರಣ್ಯ’, ಅಂದರೆ ಜಿಂಕೆಗಳ ಕಾಡು, ಎಂಬುದರಿಂದ ಬಂದಿರಬೇಕೆಂಬ ವಿವರಣೆಯೊಂದು ಪ್ರಚಾರದಲ್ಲಿದೆ. ಹೆಸರಿನ ಮೂಲ ಏನೇ ಇರಲಿ, ಇಲ್ಲಿ ಜಿಂಕೆಗಳು ಹೇರಳವಾಗಿದ್ದವು ಎಂಬುದಕ್ಕೆ ಈ ಕೊಂಬುಗಳೇ ಪುರಾವೆ.

ಅವರು ಬರೀ ಬೇಟೆಗಾರರಲ್ಲ. ಭತ್ತ, ಗೋಧಿ, ಬಾರ್ಲಿ, ಹೆಸರು ಮತ್ತು ಮಸೂರ್ ಬೇಳೆಯ ಕುರುಹುಗಳು ದೊರೆತಿವೆ. ದನ ಸಾಕುತ್ತಿದ್ದರು, ಮೀನು, ಚಿಪ್ಪುಜೀವಿಗಳನ್ನು ತಿನ್ನುತ್ತಿದ್ದರು. ಆನೆ, ಖಡ್ಗಮೃಗದ ಮೂಳೆಗಳೂ ಸಿಕ್ಕಿವೆ. ಸುತ್ತಲೂ ದಟ್ಟ ಕಾಡು, ಜೌಗು ಇದ್ದಿರಬೇಕು. ಜೊಂಡಿನ ತಡಿಕೆಗೆ ಮಣ್ಣು ಮೆತ್ತಿದ ದುಂಡನೆಯ ಗುಡಿಸಲು ಅವರ ಮನೆ. ಬೆಂಕಿಗೆ ಸುಟ್ಟ ಮಣ್ಣಿನ ಹೆಂಟೆಗಳ ಮೇಲೆ ಜೊಂಡಿನ ಅಚ್ಚು ನಾಲ್ಕು ಸಾವಿರ ವರ್ಷಗಳ ನಂತರವೂ ಉಳಿದಿದೆ. ಮಣ್ಣಿನಿಂದ ಮಾಡಿ ಸುಟ್ಟ ಹಿಣಿಲು ಗೂಳಿ, ಹಕ್ಕಿ, ಹಾವುಗಳ ಗೊಂಬೆಗಳೂ ಇವೆ.

ಇನ್ನೊಂದು ಸಂಗತಿ ಮುಖ್ಯವಾದುದು. ಇದೇ ಜನರ ಬಳಿ ಅಕೀಕು, ಜ್ಯಾಸ್ಪರ್ ಮುಂತಾದ ಬಣ್ಣದ ಕಲ್ಲಿನ ಮಣಿಗಳಿದ್ದವು; ಕೆಲವಾದರೂ ಕಲ್ಲಿನ ಕೊಡಲಿಗಳೂ ಅರೆಯುವ ಕಲ್ಲುಗಳೂ ಇದ್ದವು. ಇವು ಜಿಲ್ಲೆಯ ನೆಲದಲ್ಲಿ ಹುಟ್ಟುವಂಥವಲ್ಲ. ಗಂಗೆಯ ದಕ್ಷಿಣದ ಗುಡ್ಡಗಾಡಿನಿಂದಲೋ ಹಿಮಾಲಯದ ತಪ್ಪಲಿನಿಂದಲೋ ಬರಬೇಕು. ಎರಡೂ ಕಡೆಯಿಂದ ಬರಲು ನದಿಯೇ ಹತ್ತಿರದ ದಾರಿ. ಚಿರಾಂದ್ ಇರುವ ಜಾಗವನ್ನೇ ನೋಡಿ: ಘಾಘ್ರಾ ಸಂಗಮದ ಸಮೀಪ, ದಕ್ಷಿಣದಿಂದ ಬರುವ ಶೋಣ ನದಿಗೂ ಪೂರ್ವದ ಗಂಡಕಿಗೂ ಹೆಚ್ಚು ದೂರವಲ್ಲದ ಕಡೆ. ನಾಲ್ಕು ನದಿಗಳು ಒಂದೆಡೆ ಸೇರುವ ಈ ಕೂಡುದಾರಿಯಲ್ಲಿ ನೆಲೆಸಿದ ಜನರಿಗೆ ನದಿ ಗೋಡೆಯಾಗಿರಲಿಲ್ಲ, ರಸ್ತೆಯಾಗಿತ್ತು.

ಬೆಂಕಿ ನಿಂತ ನದಿ

ಗ್ರಂಥಗಳ ಚಿತ್ರ ಇದಕ್ಕಿಂತ ಬೇರೆ. ‘ಶತಪಥ ಬ್ರಾಹ್ಮಣ’ದಲ್ಲಿ ವಿದೇಘ ಮಾಥವ ಎಂಬ ರಾಜನ ಕಥೆ ಬರುತ್ತದೆ. ಅವನು ವೈಶ್ವಾನರ ಅಗ್ನಿಯನ್ನು ಬಾಯಿಯಲ್ಲಿ ಹೊತ್ತಿದ್ದ. ಪುರೋಹಿತ ಗೋತಮ ರಾಹೂಗಣ ಕೂಗಿ ಕರೆದರೂ ರಾಜ ಬಾಯಿ ಬಿಡಲಿಲ್ಲ. ಮಂತ್ರದಲ್ಲಿ ತುಪ್ಪದ ಹೆಸರು ಬಂದೊಡನೆ ಅಗ್ನಿ ಹೊರಕ್ಕೆ ಚಿಮ್ಮಿತು. ಸರಸ್ವತಿಯ ದಡದಿಂದ ಪೂರ್ವಕ್ಕೆ ನೆಲವನ್ನೆಲ್ಲ ಸುಡುತ್ತ ಸಾಗಿದ ಅಗ್ನಿ, ಉತ್ತರದ ಪರ್ವತದಿಂದ ಇಳಿದು ಬರುವ ಸದಾನೀರಾ ನದಿಯನ್ನು ಮಾತ್ರ ದಾಟಲಿಲ್ಲ. ಅದರ ಆಚೆಯ ನೆಲ ಅಗ್ನಿ ಸವಿಯದ ನೆಲ, ಜೌಗು ನೆಲ; ಅಲ್ಲಿಯೇ ನೀನು ನೆಲೆಸು ಎಂದು ಅಗ್ನಿ ರಾಜನಿಗೆ ಹೇಳಿತು. ಸದಾನೀರಾ ನದಿಯೇ ಕೋಸಲ ಮತ್ತು ವಿದೇಹಗಳ ಗಡಿ ಎಂದು ಗ್ರಂಥ ಹೇಳುತ್ತದೆ.

ಈ ಸದಾನೀರಾ ಎಂದರೆ ಗಂಡಕಿ ಎಂಬುದು ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹಾಗಿದ್ದಲ್ಲಿ ಸಾರಣ್, ಬೆಂಕಿ ಬಂದು ನಿಂತ ಈಚೆ ದಡದ ನಾಡು. ವೈದಿಕ ಯಜ್ಞ ಸಂಸ್ಕೃತಿ ಪೂರ್ವಕ್ಕೆ ಹರಡಿದ ನೆನಪು ಈ ಕಥೆಯಲ್ಲಿದೆ ಎಂದು ಇತಿಹಾಸಕಾರರು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಕಾಡು ಸುಟ್ಟು ಬೇಸಾಯ ಮಾಡಿದ ನೆನಪನ್ನೂ ಕೆಲವರು ಇದರಲ್ಲಿ ಕಾಣುತ್ತಾರೆ. ಆದರೆ ಚಿರಾಂದ್‌ನ ಅಗೆತದ ನಂತರ ಈ ಕಥೆಯನ್ನು ಓದುವ ಬಗೆ ಬದಲಾಗಬೇಕಾಯಿತು. ಅಗ್ನಿ ಬರುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ಇಲ್ಲಿ ಒಲೆ ಉರಿಯುತ್ತಿತ್ತು, ಭತ್ತ ಬೆಳೆಯುತ್ತಿತ್ತು. ಕಥೆ ಹೇಳುವುದು ಈ ನೆಲದ ಆರಂಭವನ್ನಲ್ಲ, ಹೊಸ ಯಜಮಾನರು ಬಂದ ದಿನವನ್ನು. ಮೊದಲಿದ್ದವರ ಹೆಸರು ಯಾವ ಗ್ರಂಥದಲ್ಲೂ ಇಲ್ಲ. ಅವರ ಸೂಜಿ, ಮಡಕೆಗಳಷ್ಟೇ ಇವೆ. ರೆವೆಲ್‌ಗಂಜ್ ಬಳಿಯ ಗೋದ್ನಾದಲ್ಲಿ ಗೌತಮ ಋಷಿಯ ಆಶ್ರಮವಿತ್ತೆಂದು ಜನ ಇಂದಿಗೂ ನಂಬುತ್ತಾರೆ.

ಗಡಿಯ ಎರಡು ಸಾವಿರ ವರ್ಷ

ಒಮ್ಮೆ ಗಡಿ ಎನಿಸಿದ ನದಿ ಮುಂದೆಯೂ ಗಡಿಯಾಗಿಯೇ ಉಳಿಯಿತು. ಬುದ್ಧನ ಕಾಲದಲ್ಲಿ ಗಂಡಕಿಯ ಪೂರ್ವಕ್ಕೆ ವೈಶಾಲಿಯ ಲಿಚ್ಛವಿಗಳು, ಪಶ್ಚಿಮಕ್ಕೆ ಕುಶಿನಗರದ ಮಲ್ಲರು ಮತ್ತು ಅವರಾಚೆ ಕೋಸಲ. ವೈಶಾಲಿಯಿಂದ ಕುಶಿನಗರಕ್ಕೆ ಬುದ್ಧ ಕೈಗೊಂಡ ಕೊನೆಯ ಪಯಣದಲ್ಲಿ ಈ ನದಿಯನ್ನು ದಾಟಲೇಬೇಕಿತ್ತು. ಬಿಟ್ಟು ಹೋಗಲೊಲ್ಲದೆ ಹಿಂಬಾಲಿಸಿದ ಲಿಚ್ಛವಿಗಳನ್ನು ತಡೆಯಲು ಬುದ್ಧ ದಾಟಲಾಗದ ಆಳವಾದ ಕಂದಕವೊಂದನ್ನು ಸೃಷ್ಟಿಸಿ, ತನ್ನ ಭಿಕ್ಷಾಪಾತ್ರೆಯನ್ನು ಅವರಿಗೆ ಕೊಟ್ಟನೆಂದು ಐದನೆಯ ಶತಮಾನದ ಆರಂಭದಲ್ಲಿ ಬಂದ ಚೀನೀ ಯಾತ್ರಿಕ ಫಾಹಿಯಾನ್ ಬರೆದಿದ್ದಾನೆ. ಅಗಲಿಕೆಯ ಕಥೆಗೂ ಜನಮನಸ್ಸು ನೀರಿನ ಗಡಿಯಂತಹ ಒಂದು ಅಡ್ಡಗೆರೆಯನ್ನೇ ಆರಿಸಿಕೊಂಡಿತು.

ಗುಪ್ತರ ಕಾಲಕ್ಕೆ ಗಂಡಕಿಯ ಆಚೆಯ ನಾಡು ‘ತೀರಭುಕ್ತಿ’ ಎನಿಸಿಕೊಂಡಿತ್ತು. ನದಿತೀರಗಳ ಪ್ರಾಂತ ಎಂಬುದು ಅದರ ಅರ್ಥ. ಇಂದಿನ ತಿರ್ಹುತ್ ಎಂಬ ಹೆಸರು ಅದರಿಂದಲೇ ಬಂದುದು. ಈಚೆಯ ಸಾರಣ್ ಯಾರಿಗೆ ಸೇರಿತ್ತು? ಇದಕ್ಕೆ ಗಟ್ಟಿಯಾದ ಉತ್ತರ ಕೊಡುವುದು ಈಗ ಗೋಪಾಲ್‌ಗಂಜ್‌ಗೆ ಸೇರಿರುವ ದಿಘ್ವಾ ದುಬೌಲಿ ಎಂಬ ಹಳ್ಳಿಯಲ್ಲಿ ಸಿಕ್ಕ ತಾಮ್ರಶಾಸನ. ಪ್ರತೀಹಾರ ವಂಶದ ಮಹೇಂದ್ರಪಾಲ ಕ್ರಿ.ಶ. 898ರಲ್ಲಿ ಹೊರಡಿಸಿದ ಈ ಶಾಸನ ಶ್ರಾವಸ್ತಿ ಭುಕ್ತಿಗೆ ಸೇರಿದ ಗ್ರಾಮವೊಂದರ ದಾನವನ್ನು ಹೇಳುತ್ತದೆ. ಶ್ರಾವಸ್ತಿ ಹಳೆಯ ಕೋಸಲದ ರಾಜಧಾನಿ. ಗಂಗೆಯ ಆಚೆ ದಂಡೆಯಲ್ಲೇ ಪಾಟಲಿಪುತ್ರವಿದ್ದರೂ ಈ ಭಾಗದ ಆಡಳಿತ ಮುಖ ಮಾಡಿದ್ದು ದೂರದ ಪಶ್ಚಿಮಕ್ಕೆ.

ಇದಾದ ಇನ್ನೂರು ವರ್ಷಗಳಿಗೆ ಗಂಡಕಿಯ ಆಚೆ ನಮಗೆ ಆಸಕ್ತಿ ಹುಟ್ಟಿಸುವ ಬೆಳವಣಿಗೆಯಾಯಿತು. 1097ರಲ್ಲಿ ಕರ್ಣಾಟ ಮೂಲದ ನಾನ್ಯದೇವ ಮಿಥಿಲೆಯಲ್ಲಿ ರಾಜ್ಯ ಸ್ಥಾಪಿಸಿದ. ಕಲ್ಯಾಣದ ಚಾಲುಕ್ಯರ ದಂಡಯಾತ್ರೆಗಳೊಡನೆ ಉತ್ತರಕ್ಕೆ ಹೋದ ಕನ್ನಡ ನಾಡಿನ ಸೇನಾನಿಗಳ ಮನೆತನ ಅದು ಎಂದು ಇತಿಹಾಸಕಾರರು ಊಹಿಸುತ್ತಾರೆ. ಈಗ ನೇಪಾಳದಲ್ಲಿರುವ ಸಿಮ್ರೌನ್‌ಗಢ ಅವರ ರಾಜಧಾನಿ. ಹದಿನಾಲ್ಕನೆಯ ಶತಮಾನದಲ್ಲಿ ಘಿಯಾಸುದ್ದೀನ್ ತುಘಲಕ್‌ನ ದಾಳಿಯವರೆಗೂ ಈ ಕರ್ಣಾಟ ವಂಶ ಆಳಿತು. ಪರಂಪರೆಯ ಪ್ರಕಾರ ಮಿಥಿಲೆಯ ಪಶ್ಚಿಮದ ಎಲ್ಲೆ ಇದೇ ಗಂಡಕಿ.

ಮುಂದೆ ಬಂಗಾಳದ ಸುಲ್ತಾನರ ಅಧಿಕಾರವೂ ಇಲ್ಲಿಗೆ ಚಾಚಿತು; ಚಿರಾಂದ್‌ನ ಮಸೀದಿಯ ಶಾಸನದಲ್ಲಿ ಹುಸೇನ್ ಷಾನ (1493-1519) ಹೆಸರಿದೆ. ಅಕ್ಬರನ ಕಾಲಕ್ಕೆ ಸಾರಣ್ ಬಿಹಾರ ಸುಬೆಯ ಒಂದು ಸರ್ಕಾರ್ ಆಗಿ ‘ಐನ್-ಇ-ಅಕ್ಬರಿ’ಯಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗೆ ಆಡಳಿತದ ಗಡಿ ಬದಲಾದರೂ ಮಾತಿನ ಗಡಿ ಉಳಿದುಕೊಂಡಿತು. ಸಾರಣ್‌ನ ಜನ ಆಡುವುದು ಭೋಜ್‌ಪುರಿ. ಗಂಡಕಿಯನ್ನು ದಾಟಿ ಹಾಜೀಪುರ, ವೈಶಾಲಿಯ ಕಡೆ ಹೋದರೆ ಮೈಥಿಲಿಗೆ ಹತ್ತಿರವಾದ ಬಜ್ಜಿಕಾ ಕೇಳಿಸುತ್ತದೆ.

ಹಾಗೆಂದು ಜನರ ಓಡಾಟ ನಿಂತಿತೇ? ಇಲ್ಲ. ಗಡಿಯ ತುದಿಯಾದ ಸೋನ್‌ಪುರದಲ್ಲೇ ಹರಿಹರನಾಥ ದೇವಾಲಯವಿದೆ. ಕಾರ್ತಿಕ ಹುಣ್ಣಿಮೆಯಂದು ದೇಶದ ಅತಿ ದೊಡ್ಡ ಜಾನುವಾರು ಜಾತ್ರೆಗಳಲ್ಲೊಂದು ಅಲ್ಲಿ ಸೇರುತ್ತದೆ. ಗಜೇಂದ್ರನನ್ನು ಮೊಸಳೆ ಹಿಡಿದದ್ದು ಇಲ್ಲಿನ ಸಂಗಮದಲ್ಲೇ ಎಂಬುದು ಸ್ಥಳೀಯರ ನಂಬಿಕೆ. ಎರಡು ದಡದ ಜನ ವ್ಯಾಪಾರಕ್ಕೂ ಪೂಜೆಗೂ ಕೂಡುವ ಜಾಗವನ್ನು ನದಿಯೇ ಒದಗಿಸಿದೆ.

ಕೊರೆಯುತ್ತಿರುವ ನೀರು

ನದಿಯನ್ನೇ ಗಡಿಯಾಗಿಸಿಕೊಂಡವರ ಪಾಡು ಏನೆಂಬುದು ನಮ್ಮ ಕಾಲದಲ್ಲೂ ಬಯಲಾಯಿತು. ಬಿಹಾರ ಮತ್ತು ಉತ್ತರ ಪ್ರದೇಶಗಳ ನಡುವೆ ಗಂಗೆ ಹಾಗೂ ಘಾಘ್ರಾದ ಆಳದ ಧಾರೆಯೇ ಎಲ್ಲೆಯಾಗಿತ್ತು. ಧಾರೆ ಪಕ್ಕಕ್ಕೆ ಸರಿದಾಗಲೆಲ್ಲ ಹಳ್ಳಿಗಳೂ ಹೊಲಗಳೂ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ಬೆಳೆ ಯಾರದು ಎಂಬ ಜಗಳ ಬಡಿದಾಟಕ್ಕೆ ತಿರುಗುತ್ತಿತ್ತು. ಕೊನೆಗೆ ಸಿ.ಎಂ. ತ್ರಿವೇದಿ ಅವರ ತೀರ್ಪಿನ ಆಧಾರದ ಮೇಲೆ ಸಂಸತ್ತು 1968ರಲ್ಲಿ ಕಾಯಿದೆ ಮಾಡಿ, ನದಿ ಎಲ್ಲಿಗೆ ಹೋದರೂ ಬದಲಾಗದ ಗೆರೆಯನ್ನು ಗೊತ್ತುಪಡಿಸಬೇಕಾಯಿತು. ಸಂಗಮದ ದಿಯಾರಾದಲ್ಲಿರುವ, ಜಯಪ್ರಕಾಶ ನಾರಾಯಣರು 1902ರಲ್ಲಿ ಹುಟ್ಟಿದ ಸಿತಾಬ್ ದಿಯಾರಾ ಗ್ರಾಮ ಎರಡೂ ರಾಜ್ಯಗಳಲ್ಲಿ ಹಂಚಿಹೋಗಿದೆ.

ಪಾಟ್ನಾ ಮತ್ತು ಉತ್ತರ ಬಿಹಾರದ ನಡುವೆ 1982ರವರೆಗೆ ಸ್ಟೀಮರೇ ಗತಿಯಾಗಿತ್ತು. ಆ ವರ್ಷ ಹಾಜೀಪುರಕ್ಕೆ ಮಹಾತ್ಮಾ ಗಾಂಧಿ ಸೇತುವೆಯಾಯಿತು. ನಂತರ ದೀಘಾ-ಸೋನ್‌ಪುರ ಸೇತುವೆಯ ಮೇಲೆ 2016ರಲ್ಲಿ ರೈಲು, 2017ರಲ್ಲಿ ವಾಹನಗಳು ಓಡತೊಡಗಿದವು. ಅದೇ 2017ರಲ್ಲಿ ಆರಾ ಮತ್ತು ಛಪ್ರಾಗಳನ್ನು ಜೋಡಿಸುವ ಸೇತುವೆಯೂ ತೆರೆಯಿತು. ಅದು ಉತ್ತರ ದಡವನ್ನು ಮುಟ್ಟುವುದು ಡೋರಿಗಂಜ್‌ನಲ್ಲಿ, ಚಿರಾಂದ್‌ಗೆ ಸಮೀಪದಲ್ಲೇ. ನಾಲ್ಕು ಸಾವಿರ ವರ್ಷಗಳ ಹಿಂದೆ ಜನ ನದಿ ದಾಟಲು ಆರಿಸಿಕೊಂಡ ಆಸುಪಾಸನ್ನೇ ಇಂದಿನ ಎಂಜಿನಿಯರುಗಳೂ ಆರಿಸಿಕೊಂಡಂತಾಯಿತು.

ಆದರೆ ದಿಬ್ಬದ ಸ್ಥಿತಿ ಸಮಾಧಾನಕರವಾಗಿಲ್ಲ. ಅಗೆದು ನೋಡಿದ್ದು ಅದರ ಒಂದು ಸಣ್ಣ ಭಾಗವನ್ನು ಮಾತ್ರ. ಉಳಿದುದರ ಮೇಲೆ ಹಳ್ಳಿಯ ಮನೆಗಳಿವೆ. ಒಂದು ಪಾರ್ಶ್ವವನ್ನು ಗಂಗೆ ಕೊರೆಯುತ್ತ ಬಂದಿದೆ. ಅಗೆತದ ಪೂರ್ಣ ವರದಿ ಪುಸ್ತಕವಾಗಿ ಹೊರಬಂದಿದ್ದೇ 2007ರಲ್ಲಿ, ಅಂದರೆ ಕೆಲಸ ನಿಂತ ಮೂರು ದಶಕಗಳ ಮೇಲೆ. ಕೋಟೆ, ದೇವಾಲಯಗಳಂತೆ ದೂರದಿಂದ ಕಣ್ಣು ಸೆಳೆಯುವಂಥದ್ದು ಇಲ್ಲೇನೂ ಇಲ್ಲ. ಇರುವುದು ಮಣ್ಣು, ಬೂದಿ, ಮಡಕೆಯ ಚೂರು, ಜಿಂಕೆಯ ಕೊಂಬು. ಹಾಗಾಗಿ ಇದನ್ನು ಉಳಿಸಬೇಕೆಂಬ ಒತ್ತಾಯವೂ ಅಷ್ಟಕ್ಕಷ್ಟೆ.

ಮಧ್ಯ ಗಂಗಾ ಬಯಲಿನ ಮೊದಲ ರೈತರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ದಿಬ್ಬದಿಂದ ಬಂದುದು. ಗ್ರಂಥ ಕಳೆದರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಕ್ಕೀತು; ತಾಮ್ರಪಟ ಹೂತುಹೋದರೆ ಮತ್ತೆ ಯಾರದಾದರೂ ನೇಗಿಲಿಗೆ ಎಡತಾಕೀತು. ದಂಡೆ ಕುಸಿದು ನೀರಿಗೆ ಬಿದ್ದ ಪದರಕ್ಕೆ ಎರಡನೆಯ ಪ್ರತಿಯಿಲ್ಲ. ಮಳೆಗಾಲದ ಪ್ರತಿ ಪ್ರವಾಹದಲ್ಲೂ ಹೆಸರಿಲ್ಲದ ಆ ಜನರ ಒಲೆಯ ಬೂದಿ ಸ್ವಲ್ಪ ಸ್ವಲ್ಪವಾಗಿ ಗಂಗೆಯ ಪಾಲಾಗುವ ಅಪಾಯ ತಪ್ಪಿಲ್ಲ.